ಸಾಕವ್ವನಿಂದ ಪುಟ್ಟಕ್ಕನವರೆಗೆ: ಉಮಾಶ್ರೀ ಅವರ ಅಭಿನಯ ಜೀವನದಲ್ಲಿ ನುಡಿ, ನಗೆ ಮತ್ತು ತಾಯ್ತನ

ಕರ್ನಾಟಕದ ಜಾನಪದ ಅಧ್ಯಯನವು ಹಾಡುಗಾರ್ತಿಯರನ್ನು, ಕಥೆಗಾರರನ್ನು, ಬಯಲಾಟದ ಭಾಗವತರನ್ನು ಹಳ್ಳಿಹಳ್ಳಿಗಳಿಗೆ ಹೋಗಿ ಕಂಡು ದಾಖಲಿಸಿದೆ. ಅವರ ಪಠ್ಯಗಳ ಜೊತೆಗೆ ಅವರ ಬದುಕನ್ನೂ ಬರೆದಿಟ್ಟಿದೆ. ಆದರೆ ದೂರದರ್ಶನದ ಧಾರಾವಾಹಿಯನ್ನು ಈ ಅಧ್ಯಯನವು ಬಹುಮಟ್ಟಿಗೆ ಎದುರಾಳಿಯೆಂದೇ ಬಗೆದಿದೆ. ಸಂಜೆಯ ಜಗಲಿಯನ್ನು ಬರಿದು ಮಾಡಿದ್ದು, ಅಜ್ಜಿಯ ಕಥೆಯನ್ನು ಅಡಗಿಸಿದ್ದು, ಬಯಲಾಟದ ರಂಗಸ್ಥಳದಿಂದ ಜನರನ್ನು ಎಳೆದುಕೊಂಡದ್ದು ಈ ಪೆಟ್ಟಿಗೆಯೇ ಎಂಬ ಆರೋಪದಲ್ಲಿ ನಿಜವಿಲ್ಲದಿಲ್ಲ. ಹಾಗೆಂದು ಆ ಪೆಟ್ಟಿಗೆಯೊಳಗೆ ಹೋದವರು ಯಾರು, ಅವರು ಯಾವ ನೆಲದ ಮಾತನ್ನು, ಯಾವ ಬಗೆಯ ನಗೆಯನ್ನು ಜೊತೆಗೆ ಒಯ್ದರು ಎಂಬ ಪ್ರಶ್ನೆಗಳನ್ನು ಕೇಳದೆ ಬಿಟ್ಟರೆ ಚರಿತ್ರೆಯು ಅರ್ಧಕ್ಕೇ ನಿಲ್ಲುತ್ತದೆ. ಈ ಪ್ರಶ್ನೆಗಳನ್ನು ಕೇಳುವುದಕ್ಕೆ ಉಮಾಶ್ರೀ ಅವರ ಅಭಿನಯ ಜೀವನದಷ್ಟು ಒಳ್ಳೆಯ ನಿದರ್ಶನ ಕನ್ನಡದಲ್ಲಿ ವಿರಳ.

ಉಮಾಶ್ರೀ ಅವರು ಜನಿಸಿದ್ದು 1957ರಲ್ಲಿ, ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ. ನೇಕಾರಿಕೆಯನ್ನು ಕುಲವೃತ್ತಿಯಾಗಿ ಉಳ್ಳ ದೇವಾಂಗ ಸಮುದಾಯದಲ್ಲಿ. ಎಳವೆಯಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡು ಬಂಧುಗಳ ಆಶ್ರಯದಲ್ಲಿ ಬೆಳೆದದ್ದು, ದಾಂಪತ್ಯ ಬಹುಕಾಲ ನಿಲ್ಲದೆ ಇಬ್ಬರು ಮಕ್ಕಳನ್ನು ಒಬ್ಬರೇ ಸಾಕಿದ್ದು ಅವರೇ ಹಲವು ಸಂದರ್ಶನಗಳಲ್ಲಿ ಬಹಿರಂಗವಾಗಿ ಹೇಳಿಕೊಂಡಿರುವ ಸಂಗತಿಗಳು. ಅವುಗಳ ವಿವರಕ್ಕೆ ಇಲ್ಲಿ ಇಳಿಯಬೇಕಾಗಿಲ್ಲ. ನಾಟಕವು ಅವರಿಗೆ ಹವ್ಯಾಸವಾಗಿ ಒದಗಲಿಲ್ಲ, ಒಲೆಯ ಪ್ರಶ್ನೆಯಾಗಿ ಒದಗಿತು ಎಂಬಷ್ಟನ್ನು ಮಾತ್ರ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅವರು ಒಪ್ಪಿಕೊಂಡ ಮತ್ತು ಅವರಿಗೆ ದಕ್ಕಿದ ಪಾತ್ರಗಳನ್ನು ಅಳೆಯುವಾಗ ಈ ಸಂಗತಿಯನ್ನು ಮರೆತ ವಿಮರ್ಶೆ ಸುಲಭವಾಗಿ ಕಟುವಾಗುತ್ತದೆ, ಆಗಿಯೂ ಇದೆ.

ಹುಟ್ಟಿದ ನೆಲದ ರಂಗ ಪರಂಪರೆ

ನೊಣವಿನಕೆರೆಯ ಸುತ್ತಣ ಸೀಮೆ ಮೂಡಲಪಾಯ ಬಯಲಾಟದ ಸೀಮೆ. ತುಮಕೂರು, ಹಾಸನ, ಮಂಡ್ಯ, ಚಿತ್ರದುರ್ಗ ಜಿಲ್ಲೆಗಳ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಆಟ ಕಲಿಯುವುದು, ಹಬ್ಬ ಜಾತ್ರೆಗಳಲ್ಲಿ ಇಡೀ ರಾತ್ರಿ ಆಡುವುದು ರೂಢಿಯಾಗಿತ್ತು. ಜೀ.ಶಂ. ಪರಮಶಿವಯ್ಯ ಅವರಂಥ ವಿದ್ವಾಂಸರು ಮೂಡಲಪಾಯವನ್ನು ಗಂಭೀರ ಅಧ್ಯಯನದ ವಸ್ತುವಾಗಿ ಎತ್ತಿಕೊಂಡ ಮೇಲೆ ಈ ಆಟದಲ್ಲಿ ಕೋಡಂಗಿಗೆ ಇರುವ ಸ್ಥಾನವೂ ಗಮನಕ್ಕೆ ಬಂದಿತು. ರಾಜವೇಷಗಳು ಪುರಾಣದ ಗಂಭೀರ ನುಡಿಯನ್ನು ಆಡುತ್ತಿರುವಾಗ ಅವುಗಳ ನಡುವೆ ನುಗ್ಗಿ ಊರಿನ ಆಡುಮಾತಿನಲ್ಲಿ ಪ್ರಶ್ನೆ ಕೇಳುವವನು ಕೋಡಂಗಿ. ಪುರಾಣವನ್ನು ನೆಲಕ್ಕೆ ಇಳಿಸುವ ಕೆಲಸ ಅವನದು. ಅದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಆರಂಭವಾದ ನಾಟಕ ಕಂಪನಿಯನ್ನು ಮುಂದೆ ಗುಬ್ಬಿ ವೀರಣ್ಣನವರು ನಾಡಿನ ದೊಡ್ಡ ಕಂಪನಿಯನ್ನಾಗಿ ಬೆಳೆಸಿದರು. ಆ ವೀರಣ್ಣನವರು ಮೂಲತಃ ಹಾಸ್ಯನಟರೆಂಬುದನ್ನು ಇಲ್ಲಿ ನೆನೆಯಬೇಕು.

ಗಂಡಸಿನ ಹಾಸ್ಯಕ್ಕೆ ನಮ್ಮ ರಂಗ ಪರಂಪರೆಯಲ್ಲಿ ಗೌರವದ ಪೀಠವಿತ್ತು. ವೀರಣ್ಣನವರು ‘ನಾಟಕರತ್ನ’ರಾದರು. ಹಿರಣ್ಣಯ್ಯನವರ ಮನೆತನದ ಮಾತುಗಾರಿಕೆಯನ್ನು ಜನ ಬುದ್ಧಿವಂತಿಕೆಯೆಂದು ಕೊಂಡಾಡಿದರು. ಹೆಣ್ಣಿನ ಹಾಸ್ಯಕ್ಕೆ ಅಂಥ ಪೀಠವಿರಲಿಲ್ಲ. ಬಯಲಾಟದಲ್ಲಿ ಹೆಣ್ಣಿನ ಪಾತ್ರವನ್ನೇ ಗಂಡಸರು ಕಟ್ಟುತ್ತಿದ್ದರು. ಉತ್ತರ ಕರ್ನಾಟಕದ ಶ್ರೀಕೃಷ್ಣ ಪಾರಿಜಾತದಲ್ಲಿ ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಮೇಲೆದ್ದು ನಿಂತರಾದರೂ ಅವರ ಖ್ಯಾತಿಯ ಜೊತೆಗೆ ಗುಸುಗುಸು ಮಾತೂ ಬೆನ್ನುಹತ್ತಿಯೇ ಬಂದಿತು.

ಹಾಗಾದರೆ ಹಳ್ಳಿಯ ಹೆಣ್ಣು ನಗಲಿಲ್ಲವೇ, ನಗಿಸಲಿಲ್ಲವೇ? ಹಳೆಯ ಮೈಸೂರು ಸೀಮೆಯ ಮದುವೆಗಳಲ್ಲಿ ಬೀಗರ ಹಾಡುಗಳನ್ನು ಕೇಳಿದ ಯಾವ ಕ್ಷೇತ್ರಕಾರ್ಯಕರ್ತನೂ ಈ ಸಂದೇಹವನ್ನು ಎತ್ತಲಾರ. ಬೀಗಿತ್ತಿಯ ಮೂಗು, ನಡಿಗೆ, ಊಟ, ನಡತೆ ಯಾವುದೂ ಅಲ್ಲಿ ಉಳಿಯುವುದಿಲ್ಲ. ಹಾಡುವವರು ಮಾನವಂತ ಗೃಹಿಣಿಯರು. ಮುತ್ತೈದೆಯರೂ ಮುದುಕಿಯರೂ ಕೂಡಿ ಹಾಡುತ್ತಾರೆ. ಪೋಲಿಯೆನ್ನಬಹುದಾದ ಮಾತು ಧಾರಾಳವಾಗಿಯೇ ಬರುತ್ತದೆ. ಅದನ್ನು ಯಾರೂ ತಪ್ಪೆಣಿಸುವುದಿಲ್ಲ. ಏಕೆಂದರೆ ಆ ಮಾತಿಗೆ ಒಂದು ಚಪ್ಪರವಿದೆ, ಒಂದು ದಿನವಿದೆ, ಎದುರು ಪಕ್ಷದವರು ತಿರುಗಿ ಹಾಡುವ ಅವಕಾಶವಿದೆ. ಆಚರಣೆಯ ಬೇಲಿಯೊಳಗೆ ಹೆಣ್ಣಿನ ಪೋಲಿಮಾತು ಪೂರ್ಣ ಅಧಿಕೃತವಾದದ್ದು.

1980ರ ದಶಕದ ಕನ್ನಡ ಸಿನಿಮಾ ಈ ಬೇಲಿಯನ್ನು ಕಿತ್ತು ಮಾತನ್ನು ಮಾತ್ರ ಎತ್ತಿಕೊಂಡಿತು. ಕಾಶಿನಾಥ್ ಅವರ ‘ಅನುಭವ’ (1984) ಚಿತ್ರದ ಪದ್ದಿಯ ಪಾತ್ರದಿಂದ ಉಮಾಶ್ರೀ ನಾಡಿಗೆ ಪರಿಚಿತರಾದರು. ಅದಾದ ಮೇಲೆ ಸುಮಾರು ಒಂದು ದಶಕದ ಕಾಲ ಎನ್.ಎಸ್. ರಾವ್, ಮೈಸೂರು ಲೋಕೇಶ್ ಮೊದಲಾದವರೊಡನೆ ಹಾಸ್ಯಜೋಡಿಯಾಗಿ ಚಿತ್ರದಿಂದ ಚಿತ್ರಕ್ಕೆ ಅವರು ಅದೇ ಬಗೆಯ ಪಾತ್ರವನ್ನು ವಹಿಸಬೇಕಾಯಿತು. ಕಂಪನಿ ನಾಟಕದ ಮುಖ್ಯ ಕಥೆಯ ಪಕ್ಕದಲ್ಲಿ ಹಾಸ್ಯಜೋಡಿಯ ಉಪಕಥೆಯೊಂದು ಸಾಗುವ ಪದ್ಧತಿಯನ್ನೇ ಸಿನಿಮಾ ಮುಂದುವರಿಸಿತ್ತು. ವ್ಯತ್ಯಾಸವೆಂದರೆ, ಇಲ್ಲಿನ ದ್ವಂದ್ವಾರ್ಥದ ಸಂಭಾಷಣೆಯನ್ನು ಬರೆದವರು ಗಂಡಸರು, ನಿರ್ದೇಶಿಸಿದವರು ಗಂಡಸರು, ಥಿಯೇಟರಿನ ಕತ್ತಲೆಯಲ್ಲಿ ಸಿಳ್ಳೆ ಹಾಕಿದವರೂ ಗಂಡಸರು. ತಿರುಗಿ ಹಾಡುವ ಎದುರು ಪಕ್ಷವಿರಲಿಲ್ಲ. ಆದರೆ ಅಪಕೀರ್ತಿಯ ಹೊರೆ ಮಾತ್ರ ಆ ಮಾತುಗಳನ್ನು ಆಡಿದವಳ ತಲೆಯ ಮೇಲೆ ಬಿತ್ತು. ಸಂಭಾಷಣೆ ಬರೆದವರ ಹೆಸರನ್ನು ಇಂದು ಯಾರೂ ಆ ಕಾರಣಕ್ಕಾಗಿ ನೆನೆಯುವುದಿಲ್ಲ. ಕನ್ನಡ ಚಲನಚಿತ್ರ ವಿಮರ್ಶೆಯು ಆ ಕಾಲದಲ್ಲಿ ಈ ಅಸಮತೆಯನ್ನು ಗುರುತಿಸಲಿಲ್ಲ ಎನ್ನಲೇಬೇಕು.

ಸಾಕವ್ವ

ಇದೇ ಅವಧಿಯಲ್ಲಿ, ಇದೇ ನಟಿ, ರಂಗಭೂಮಿಯ ಮೇಲೆ ಬೇರೆಯೇ ಆಗಿ ಕಾಣಿಸಿಕೊಂಡರು. ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿಯವರು ರಂಗಕ್ಕೆ ತಂದಾಗ ಸಾಕವ್ವನ ಪಾತ್ರವನ್ನು ಉಮಾಶ್ರೀ ವಹಿಸಿದರು. ಅರ್ಥಶಾಸ್ತ್ರದ ಅಧ್ಯಾಪಕರಾಗಿದ್ದ ಸಿಜಿಕೆಯವರಿಗೆ ಹಸಿವಿನ ಲೆಕ್ಕ ಚೆನ್ನಾಗಿಯೇ ಗೊತ್ತಿತ್ತು. ಕಳೆದುಹೋದ ಒಂದು ಹುಂಜವನ್ನು ಹುಡುಕುತ್ತ ಅಲೆಯುವ ದಲಿತ ಮುದುಕಿ. ಅವಳ ಗುಡಿಸಲಿನಲ್ಲಿ ಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಒಂದು ರಾತ್ರಿ ಮನೆಗೆ ಬಂದ ಕದ್ದ ಕಡಲೆಕಾಯಿಯ ಮೂಟೆಯನ್ನು ಬೆಂಕಿಯ ಸುತ್ತ ಕುಳಿತು ಇಡೀ ಸಂಸಾರ ತಿಂದು ಮುಗಿಸುವ ಸಂಭ್ರಮ. ಬೆಳಗಾಗುತ್ತಲೇ ಪೊಲೀಸರ ಶೋಧ. ಕಥೆಯಷ್ಟೇ ನೋಡಿದರೆ ಇಷ್ಟೆ. ಆದರೆ ಅದರ ಜೀವವಿರುವುದು ನುಡಿಯಲ್ಲಿ. ನಂಜನಗೂಡು ಸೀಮೆಯ ಆಡುಮಾತು ಅಲ್ಲಿ ಸಂಭಾಷಣೆಗೆ ಹಚ್ಚಿದ ಬಣ್ಣವಲ್ಲ, ಪಾತ್ರದ ಮೂಳೆಯೇ ಆಗಿದೆ.

ತಿಪಟೂರು ಸೀಮೆಯ ನುಡಿಗೆ ಹುಟ್ಟಿನಿಂದ ಒಗ್ಗಿದ ನಾಲಗೆಗೆ ನಂಜನಗೂಡಿನ ನುಡಿ ಅಪರಿಚಿತವಲ್ಲದಿದ್ದರೂ ಅದೇ ಅಲ್ಲ. ಎಳೆತ ಬೇರೆ, ಪದ ನುಂಗುವ ರೀತಿ ಬೇರೆ, ಬೈಗುಳದ ಲಯವೂ ಬೇರೆ. ಬೈಗುಳವು ಪ್ರೀತಿಯಾಗುವುದು, ಗೋಳು ನಗೆಯಾಗುವುದು, ಯಮನ ಆಳುಗಳೊಡನೆ ಮಾಡುವ ಜಗಳವು ನೆರೆಮನೆಯವರೊಡನೆ ಮಾಡುವ ಜಗಳದಂತೆ ಕೇಳುವುದು ಈ ಪಾತ್ರದ ಬೇಡಿಕೆಗಳು. ಸಿನಿಮಾ ಯಾವ ಬಾಯಿಯನ್ನು ‘ಬಜಾರಿ’ಯ ಬಾಯಿಯೆಂದು ಮಾರಿತೋ ಅದೇ ಬಾಯಿ ಇಲ್ಲಿ ಒಂದು ಸಂಸಾರವನ್ನು ಕಾಯುವ ಆಯುಧವಾಗಿ ಕೇಳಿಸಿತು. ಜಾನಪದ ಅಧ್ಯಯನಕಾರರಿಗೆ ಇದರಲ್ಲಿ ಅಚ್ಚರಿಯಿಲ್ಲ. ಹಳ್ಳಿಗಳಲ್ಲಿ ಗಾದೆ, ಒಗಟು, ಬೈಗುಳ, ಸೋಬಾನೆ ನಾಲ್ಕನ್ನೂ ಬಲ್ಲವಳು ಸಾಮಾನ್ಯವಾಗಿ ಒಬ್ಬಳೇ ಹೆಂಗಸಾಗಿರುತ್ತಾಳೆ. ಊರಿನವರು ಅವಳನ್ನು ಬಾಯಿಬಡುಕಿಯೆಂದೂ ಕರೆಯುತ್ತಾರೆ, ಮದುವೆಗೆ ಮೊದಲು ಕರೆಯುವುದೂ ಅವಳನ್ನೇ.

ರಂಗಭೂಮಿಯ ಈ ಪಾತ್ರವು ಸಿನಿಮಾದವರ ಕಣ್ಣನ್ನು ತೆರೆಸಿತೆಂದು ಹೇಳುವುದು ರೂಢಿ. ತಡವಾಗಿ ತೆರೆಸಿತು ಎನ್ನುವುದು ಹೆಚ್ಚು ಸರಿ. 1994ರ ‘ಕೊಟ್ರೇಶಿ ಕನಸು’ ಚಿತ್ರದಲ್ಲಿ ಅವರಿಗೆ ಗಂಭೀರ ಪಾತ್ರ ದೊರೆಯಿತು. 1995ರ ‘ಪುಟ್ನಂಜ’ದಲ್ಲಿ ಅವರು ನಾಯಕನ ಅಜ್ಜಿ ಪುಟ್ಮಲ್ಲಿಯಾದರು. ಆಗ ಅವರ ವಯಸ್ಸು 38. ನಾಯಕ ನಟನಿಗಿಂತ ಕೆಲವೇ ವರ್ಷ ಹಿರಿಯಳಾದ ನಟಿ ಅವನ ಅಜ್ಜಿಯಾಗುವುದರಲ್ಲಿ ಚಿತ್ರೋದ್ಯಮವು ಹೆಣ್ಣಿನ ವಯಸ್ಸನ್ನು ಕಾಣುವ ಬಗೆ ಇದೆ. ಅದನ್ನು ಬೇರೆಯಾಗಿಯೇ ಚರ್ಚಿಸಬೇಕು. ಆದರೆ ಪುಟ್ಮಲ್ಲಿಯು ಜನಮನದಲ್ಲಿ ನಿಂತ ಬಗೆಯನ್ನು ಅಲ್ಲಗಳೆಯಲಾಗದು. ಕೋಡಂಗಿಯ ತುಂಟತನವೂ ಸಾಕವ್ವನ ಗಟ್ಟಿತನವೂ ಒಂದೇ ಮೈಯಲ್ಲಿ ಕೂಡಿದ್ದು ಜನಪ್ರಿಯ ಮಾಧ್ಯಮದಲ್ಲಿ ಅದೇ ಮೊದಲು.

ಪೆಟ್ಟಿಗೆಯ ಮುಂದೆ ಗುಲಾಬಿ

ಬೆಂಗಳೂರು ದೂರದರ್ಶನ ಕೇಂದ್ರವು 1981ರಲ್ಲಿ ಆರಂಭವಾಯಿತು. 1986ರ ‘ಮಾಲ್ಗುಡಿ ಡೇಸ್’ ಆಗುಂಬೆಯಲ್ಲಿ, ಶಂಕರ್ ನಾಗ್ ಅವರ ನಿರ್ದೇಶನದಲ್ಲಿ, ಬಹುಮಟ್ಟಿಗೆ ಕನ್ನಡದ ಕಲಾವಿದರಿಂದ ರೂಪುಗೊಂಡರೂ ಮಾತನಾಡಿದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. 1994ರಲ್ಲಿ ಉದಯ ವಾಹಿನಿ, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಝೀ ಕನ್ನಡ ಬಂದವು. ಟಿ.ಎನ್. ಸೀತಾರಾಂ ಅವರ ತಂಡದ ‘ಮಾಯಾಮೃಗ’ವು 1998ರಲ್ಲಿ ದಿನವಹಿ ಧಾರಾವಾಹಿಗೆ ಗಂಭೀರ ಪ್ರೇಕ್ಷಕವರ್ಗವನ್ನು ತಂದುಕೊಟ್ಟಿತು. ಈ ಘಟ್ಟದ ಧಾರಾವಾಹಿಗಳ ಸಾಹಿತ್ಯಿಕ ಗುಣ ಮೆಚ್ಚತಕ್ಕದ್ದೇ. ಆದರೂ ಅವು ಬಹುಪಾಲು ಆಡಿದ್ದು ಬೆಂಗಳೂರು ಮೈಸೂರುಗಳ ವಿದ್ಯಾವಂತ ಮಧ್ಯಮವರ್ಗದ ಕನ್ನಡವನ್ನು. ವೈಶಾಲಿ ಕಾಸರವಳ್ಳಿಯವರು ನಿರ್ದೇಶಿಸಿದ ‘ಮೂಡಲ ಮನೆ’ಯು ಉತ್ತರ ಕರ್ನಾಟಕದ ಮನೆಮಾತನ್ನು ನಡುಮನೆಗೆ ತಂದದ್ದು ಈ ಹಿನ್ನೆಲೆಯಲ್ಲಿ ದೊಡ್ಡ ಘಟನೆ. ದುಡಿಯುವ ಹಳ್ಳಿಹೆಂಗಸಿನ ಮಾತು ಮಾತ್ರ ಆಗಲೂ ಮನೆಗೆಲಸದವಳ ಪಾತ್ರಕ್ಕೆ ಅಥವಾ ನಗೆಯ ಪಾತ್ರಕ್ಕೆ ಮೀಸಲಾಗಿತ್ತು.

ಉಮಾಶ್ರೀಯವರು ದೂರದರ್ಶನವನ್ನು ಕುರಿತಾದ ಕನ್ನಡದ ಅತ್ಯಂತ ಮಹತ್ವದ ಚಲನಚಿತ್ರದ ನಾಯಕಿಯೂ ಆಗಿರುವುದು ಒಂದು ಸೊಗಸಾದ ಯೋಗ. ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸು’ (2008) ವೈದೇಹಿಯವರ ಕಥೆಯನ್ನು ಆಧರಿಸಿದ್ದು. ಮೂಲ ಕಥೆಯಲ್ಲಿ ಊರಿಗೆ ಬರುವುದು ಸಿನಿಮಾ ಟಾಕೀಸು. ನಿರ್ದೇಶಕರು ಕಾಲವನ್ನು ಮುಂದಕ್ಕೆ ತಂದು, 1999ರ ಕಾರ್ಗಿಲ್ ಕದನದ ಸುತ್ತಿನ ದಿನಗಳಲ್ಲಿ, ಕುಂದಾಪುರ ಸೀಮೆಯ ಮೀನುಗಾರರ ದಂಡೆಗೆ ಟಿ.ವಿ.ಯನ್ನು ತಂದರು. ಗುಲಾಬಿ ಮುಸ್ಲಿಂ ಸೂಲಗಿತ್ತಿ. ಗಂಡ ಮೂಸಾ ಅವಳನ್ನು ಬಿಟ್ಟು ಇನ್ನೊಬ್ಬಳೊಡನೆ ಸಂಸಾರ ಹೂಡಿದ್ದಾನೆ. ಸಿನಿಮಾದ ಹುಚ್ಚಿನ ಈ ಹೆಂಗಸಿಗೆ ಒಂದು ಕಷ್ಟದ ಹೆರಿಗೆಯನ್ನು ಮಾಡಿಸಿದ್ದಕ್ಕೆ ಪ್ರತಿಯಾಗಿ ಟಿ.ವಿ.ಯೂ ಡಿಶ್ ಆ್ಯಂಟೆನಾವೂ ಬರುತ್ತವೆ. ಅಲ್ಲಿಯವರೆಗೆ ಅವಳ ಮನೆಯನ್ನು ಹೊಗದ ಹೆಂಗಸರು ಟಿ.ವಿ. ನೋಡಲೆಂದು ಬಂದು ಕೂರುತ್ತಾರೆ.

ಜಗಲಿಯನ್ನು ಖಾಲಿ ಮಾಡಿತೆಂದು ನಾವು ಆರೋಪಿಸುವ ಪೆಟ್ಟಿಗೆ ಇಲ್ಲಿ ಕೆಲಕಾಲ ಹೊಸ ಜಗಲಿಯನ್ನೇ ಕಟ್ಟುತ್ತದೆ. ಮತ ಜಾತಿಗಳನ್ನು ಮೀರಿ ಹೆಂಗಸರು ಸೇರುತ್ತಾರೆ, ಮಾತನಾಡುತ್ತಾರೆ. ಗಂಡ ದೂರ ದೇಶದಲ್ಲಿರುವ ಎಳೆಯ ನೇತ್ರುವಿಗೆ ಗುಲಾಬಿಯ ಮನೆ ಉಸಿರಾಡುವ ತಾಣವಾಗುತ್ತದೆ. ಆ ಜಗಲಿ ಬಹಳ ದಿನ ಬಾಳುವುದಿಲ್ಲ. ಸಣ್ಣ ದೋಣಿಯವರಿಗೂ ಯಾಂತ್ರಿಕ ಮೀನುಗಾರಿಕೆಗೂ ಎದ್ದ ಜಗಳ ಮತೀಯ ಬಣ್ಣ ಪಡೆಯುತ್ತದೆ. ನೇತ್ರು ಕಾಣೆಯಾದಾಗ ದೂರು ಗುಲಾಬಿಯ ಮೇಲೆ ಬರುತ್ತದೆ. ಕೊನೆಗೆ ಅವಳು ಊರನ್ನೇ ಬಿಡಬೇಕಾಗುತ್ತದೆ. ಮಾತಿನ ಮಲ್ಲಿಯೆಂದು ಹೆಸರಾದ ನಟಿ ಇಲ್ಲಿ ಬಹುಪಾಲು ಸುಮ್ಮನಿದ್ದು ಅಭಿನಯಿಸಿದ್ದಾರೆ. ತೆರೆಯನ್ನು ನೋಡುವ ಮುಖವನ್ನೇ ತೆರೆಯ ಮೇಲೆ ತೋರಿಸಬೇಕಾದ ಈ ಪಾತ್ರದಲ್ಲಿ ಬೆರಗು, ಆಸೆ, ಒಂಟಿತನ ಮೂರೂ ಕಣ್ಣಿನಲ್ಲಿಯೇ ಹಾದುಹೋಗುತ್ತವೆ. ಕರಾವಳಿಯ ನುಡಿಯೂ ಅವರಿಗೆ ಕಲಿತ ನುಡಿಯೇ. ಬಯಲುಸೀಮೆಯ ಗಂಟಲು ಕಡಲದಂಡೆಯ ರಾಗಕ್ಕೆ ಪೂರ್ಣವಾಗಿ ಒಗ್ಗಿದೆಯೆಂದು ಆ ಸೀಮೆಯವರು ಒಪ್ಪಲಿಕ್ಕಿಲ್ಲ. ಆ ಕೊರತೆಯನ್ನು ಮೌನ ತುಂಬಿದೆ.

ದೆಹಲಿಯ ಓಸಿಯನ್ಸ್ ಸಿನೆಫ್ಯಾನ್ ಉತ್ಸವದಲ್ಲಿ 2008ರಲ್ಲಿ ಅವರಿಗೆ ಶ್ರೇಷ್ಠ ನಟಿ ಗೌರವ ಸಂದಿತು. 2007ನೆಯ ಸಾಲಿನ ರಾಷ್ಟ್ರಪ್ರಶಸ್ತಿಯೂ ಬಂದಿತು. ‘ಕಾಡು’ ಚಿತ್ರಕ್ಕೆ ನಂದಿನಿ ಭಕ್ತವತ್ಸಲ, ‘ಹಸೀನಾ’ ಚಿತ್ರಕ್ಕೆ ತಾರಾ ಪಡೆದಿದ್ದ ಪ್ರಶಸ್ತಿಯ ಸಾಲಿಗೆ ‘ಅನುಭವ’ದ ಪದ್ದಿಯೂ ಸೇರಿದರು. ಆ ಹಾಸ್ಯಪಾತ್ರಗಳ ಕಾಲದಲ್ಲಿ ಮೂಗು ಮುರಿದಿದ್ದ ವಿಮರ್ಶಕರಲ್ಲಿ ಹಲವರು ಈಗ ಅಭಿನಂದನೆಯ ಲೇಖನ ಬರೆದರು.

ರಾಜಕೀಯ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ವಿಧಾನ ಪರಿಷತ್ತಿನ ಸದಸ್ಯೆಯಾಗಿದ್ದ ಅವರು 2008ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳ ಕ್ಷೇತ್ರದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಸೋತು, 2013ರಲ್ಲಿ ಅಲ್ಲಿಯೇ ಗೆದ್ದು, 2018ರವರೆಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಹಾಗೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗಳ ಸಚಿವೆಯಾಗಿದ್ದರು. ರಬಕವಿ ಬನಹಟ್ಟಿಗಳ ನೇಕಾರರ ಕ್ಷೇತ್ರವದು. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ‘ಮಾತೃಪೂರ್ಣ’ ಯೋಜನೆ 2017ರಲ್ಲಿ ಅವರ ಇಲಾಖೆಯಿಂದಲೇ ಜಾರಿಗೆ ಬಂದಿತು. 2018ರಲ್ಲಿ ಸೋತ ಬಳಿಕ ಮತ್ತೆ ಬಣ್ಣದ ಲೋಕಕ್ಕೆ ಮರಳಿದರು. 2023ರಲ್ಲಿ ಮರಳಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಪುಟ್ಟಕ್ಕ ಮತ್ತು ‘ಸಾಲು’ಗಳ ಪರಂಪರೆ

2021ರ ಡಿಸೆಂಬರಿನಲ್ಲಿ ಝೀ ಕನ್ನಡದಲ್ಲಿ ಆರೂರು ಜಗದೀಶ್ ಅವರ ನಿರ್ದೇಶನದ ‘ಪುಟ್ಟಕ್ಕನ ಮಕ್ಕಳು’ ಆರಂಭವಾಯಿತು. ಇದರ ಮೂಲ ತೆಲುಗಿನ ಧಾರಾವಾಹಿ. ಮೂಲವು ತೆಲುಗಿನದೆಂಬ ಕಾರಣಕ್ಕೆ ಮೂಗು ಮುರಿಯುವುದು ಜಾನಪದ ವಿದ್ಯಾರ್ಥಿಗೆ ತಕ್ಕುದಲ್ಲ. ಕಥೆಗಳು ಗಡಿಯನ್ನು ಕೇಳಿ ನಡೆಯುವುದಿಲ್ಲ. ಕಥಾವರ್ಗಗಳ ಸೂಚಿಗಳೆಲ್ಲ ನಿಂತಿರುವುದು ಆ ಸತ್ಯದ ಮೇಲೆಯೇ. ಒಂದು ಕಥೆ ಹೊಸ ಊರಿಗೆ ಬಂದಾಗ ಯಾರ ಬಾಯಲ್ಲಿ ನೆಲೆಗೊಂಡಿತೆಂಬುದೇ ನಿಜವಾದ ಪ್ರಶ್ನೆ.

ಗಂಡು ಮಗುವನ್ನು ಹೆರಲಿಲ್ಲವೆಂದು ಗಂಡನು ಪುಟ್ಟಕ್ಕನನ್ನು ತೊರೆದು ರಾಜೇಶ್ವರಿಯೆಂಬವಳೊಡನೆ ಬದುಕುತ್ತಾನೆ. ಪುಟ್ಟಕ್ಕ ದೇವೀಪುರವೆಂಬ ಊರಿನಲ್ಲಿ ಊಟದ ಮೆಸ್ ನಡೆಸಿ ಸಹನಾ, ಸ್ನೇಹಾ, ಸುಮಾ ಎಂಬ ಮೂವರು ಹೆಣ್ಣುಮಕ್ಕಳನ್ನು ಬೆಳೆಸುತ್ತಾಳೆ. ಹಿರಿಯ ಹೆಂಡತಿಯನ್ನು ನೂಕಿ ಕಿರಿಯಳು ಮನೆಯಾಳುವ ಆಶಯ ನಮ್ಮ ಅಜ್ಜಿಕಥೆಗಳಲ್ಲಿ ಹೆಜ್ಜೆಹೆಜ್ಜೆಗೆ ಸಿಗುತ್ತದೆ. ಎ.ಕೆ. ರಾಮಾನುಜನ್ ಅವರು ಹೆಣ್ಣನ್ನು ಕೇಂದ್ರವಾಗಿ ಉಳ್ಳ ಕಥೆಗಳನ್ನು ಪರಿಶೀಲಿಸಿ, ಗಂಡಿನ ಕಥೆ ಮದುವೆಯಲ್ಲಿ ಮುಗಿದರೆ ಹೆಣ್ಣಿನ ಕಥೆಯ ಸಂಕಟ ಮದುವೆಯ ಬಳಿಕ ಮೊದಲಾಗುವುದನ್ನು ತೋರಿಸಿದ್ದರು. ಕಿರುತೆರೆಯ ಕಥೆಗಳಿಗೂ ಈ ಮಾತು ಹೊಂದುತ್ತದೆ.

ಇನ್ನೂ ಹತ್ತಿರದ ಹೋಲಿಕೆ ಮಲೆಯ ಮಾದೇಶ್ವರನ ಕಾವ್ಯದಲ್ಲಿದೆ. ದೇವರಗುಡ್ಡರು ಹಾಡುವ, ಪಿ.ಕೆ. ರಾಜಶೇಖರ ಅವರು ಸಂಪಾದಿಸಿ ಕೊಟ್ಟ ಈ ಮಹಾಕಾವ್ಯವು ‘ಸಾಲು’ಗಳಾಗಿ ಒಡೆದಿದೆ. ಒಂದು ರಾತ್ರಿಯಲ್ಲಿ ಇಡೀ ಕಾವ್ಯವನ್ನು ಯಾರೂ ಹಾಡುವುದಿಲ್ಲ. ಹಾಡಿಸುವವರು ತಮಗೆ ಬೇಕಾದ ಸಾಲನ್ನು ಕೇಳಿ ಹಾಡಿಸುತ್ತಾರೆ. ಹೆಂಗಸರು ಕಣ್ಣೀರಿಟ್ಟು ಕೇಳುವುದು ಸಂಕಮ್ಮನ ಸಾಲನ್ನು. ಜೇನುಮಲೆಗೆ ಹೊರಟ ಗಂಡ ನೀಲೇಗೌಡ ಮಡದಿಯ ನಡತೆಯನ್ನು ಶಂಕಿಸಿ ಬಲಗೈ ಭಾಷೆ ಕೊಡೆಂದು ಪೀಡಿಸುತ್ತಾನೆ. ಸಂಕಮ್ಮ ಭಾಷೆ ಕೊಡಲೊಲ್ಲಳು. ಹಿಂಸೆಗೊಳಗಾಗಿ ಕಾಡಿನ ಗುಡಿಸಲಿನಲ್ಲಿ ಒಂಟಿಯಾಗುತ್ತಾಳೆ, ಭಾಷೆಯನ್ನು ಮಾತ್ರ ಕೊಡುವುದಿಲ್ಲ. ಮಾದಪ್ಪ ಬರುವುದು ಆಮೇಲೆ. ‘ಕೆರೆಗೆ ಹಾರ’ದ ಭಾಗೀರಥಿ ಬಲಿಯಾಗಿ ನಡೆದರೆ ಸಂಕಮ್ಮ ಒಲ್ಲೆನೆಂದು ನಿಲ್ಲುತ್ತಾಳೆ. ಇವೆರಡೂ ನಮ್ಮ ಪರಂಪರೆಯ ಹೆಣ್ಣುಗಳೇ. ಪುಟ್ಟಕ್ಕನ ಪಾತ್ರದ ಒಳಗೆ ಇವರಿಬ್ಬರೂ ಎಳೆದಾಡುತ್ತಾರೆ. ಗಂಡನ ಹೆಸರಿನ ತಾಳಿಯನ್ನು ಬಿಡದ ಭಾಗೀರಥಿಯೂ ಹೌದು. ಅವನ ಅನ್ನಕ್ಕೆ ಕೈಯೊಡ್ಡದ ಸಂಕಮ್ಮನೂ ಹೌದು. ಧಾರಾವಾಹಿಯ ಬರವಣಿಗೆ ಮೊದಲನೆಯವಳ ಕಡೆಗೆ ವಾಲಿದಾಗಲೆಲ್ಲ ನಟಿಯ ಧ್ವನಿ ಎರಡನೆಯವಳ ಕಡೆಗೆ ಜಗ್ಗುವುದನ್ನು ಗಮನವಿಟ್ಟು ಕೇಳಿದವರು ಬಲ್ಲರು.

ಈ ಹೋಲಿಕೆಗೆ ಮಿತಿಯಿದೆ. ಸಂಕಮ್ಮನ ಸಾಲಿಗೆ ಮುಕ್ತಾಯವುಂಟು. ಹಾಡು ಮುಗಿದಾಗ ಮಂಗಳಾರತಿಯಾಗುತ್ತದೆ, ಕೇಳಿದವಳು ಹಗುರಾಗಿ ಮನೆಗೆ ಹೋಗುತ್ತಾಳೆ. ವಾರಕ್ಕೊಮ್ಮೆ ವೀಕ್ಷಕರ ಗಣನೆಯ ಅಂಕಿ ನೋಡಿ ಕಥೆಯನ್ನು ತಿರುಗಿಸಬೇಕಾದ ದಿನವಹಿ ಧಾರಾವಾಹಿಗೆ ಮಂಗಳ ಹಾಡುವ ಸ್ವಾತಂತ್ರ್ಯವಿಲ್ಲ. ಸಂಕಟ ತೀರಿದರೆ ಮರುದಿನದ ಕಂತಿಗೆ ಗತಿಯಿಲ್ಲವಾದ್ದರಿಂದ ತೀರಿದ ಸಂಕಟದ ಜಾಗಕ್ಕೆ ಹೊಸದನ್ನು ತರಲೇಬೇಕು. ಅಪಹರಣ, ಅಪಘಾತ, ಸಂಚುಗಳು ಹೀಗೆ ಬಂದು ಸೇರುತ್ತವೆ. ‘ಪುಟ್ಟಕ್ಕನ ಮಕ್ಕಳು’ ಈ ರೋಗದಿಂದ ಪಾರಾಗಲಿಲ್ಲ. ಮೆಸ್ಸಿನ ಒಲೆ, ಲೆಕ್ಕದ ಪುಸ್ತಕ, ಹೆಣ್ಣುಮಕ್ಕಳ ಓದಿನ ಶುಲ್ಕ ಇವುಗಳ ಸುತ್ತ ಸಾಗಿದ ಆರಂಭದ ಕಂತುಗಳಿಗೆ ಇದ್ದ ಸತ್ವ ಮುಂದೆ ಸಂಚಿನ ಕಥೆಗಳಲ್ಲಿ ತೆಳುವಾಯಿತು.

ಹಾಗಿದ್ದರೂ ಬಹುಕಾಲ ಅದು ಕನ್ನಡ ಧಾರಾವಾಹಿಗಳ ಮೊದಲ ಸಾಲಿನಲ್ಲಿ ಉಳಿದುದಕ್ಕೆ ಕಾರಣವನ್ನು ಹುಡುಕಬೇಕಾದದ್ದು ನುಡಿಯಲ್ಲಿ ಮತ್ತು ಮುಖದಲ್ಲಿ. ಆವರೆಗೆ ಧಾರಾವಾಹಿಯ ತಾಯಿ ರೇಷ್ಮೆ ಸೀರೆಯುಟ್ಟು ಶಿಷ್ಟ ಕನ್ನಡವಾಡುವ ದೊಡ್ಡ ಮನೆಯ ಒಡತಿಯಾಗಿರುವುದೇ ವಾಡಿಕೆಯಾಗಿತ್ತು. ಪುಟ್ಟಕ್ಕ ನೂಲಿನ ಸೀರೆಯವಳು. ಅವಳದು ಹೊಗೆಗೆ ಕೆಂಪಾದ ಕಣ್ಣು, ಹಳೆಯ ಮೈಸೂರು ಸೀಮೆಯ ಹಳ್ಳಿಯ ಮಾತು. ಸಾಕವ್ವನಿಗೆ ರಂಗಭೂಮಿಯ ಕೆಲವು ಸಾವಿರ ಪ್ರೇಕ್ಷಕರು ಕೊಟ್ಟ ಗೌರವವನ್ನು ಆ ಮಾತು ಈಗ ಪ್ರತಿದಿನ ರಾತ್ರಿ ಲಕ್ಷಗಟ್ಟಲೆ ಮನೆಗಳಲ್ಲಿ ಪಡೆಯಿತು. ರಂಗಭೂಮಿಯ ಹಿಂದಿನ ಸಾಲನ್ನು ಮುಟ್ಟಲು ಬೆಳೆಸಿದ ಧ್ವನಿಯನ್ನು ಕಿರುತೆರೆಯ ಸಮೀಪದೃಶ್ಯಕ್ಕೆ ತಗ್ಗಿಸುವುದು ಕಂಪನಿ ಮತ್ತು ಹವ್ಯಾಸಿ ರಂಗದಿಂದ ಬಂದ ಹಲವರಿಗೆ ಸಾಧ್ಯವಾಗಿಲ್ಲ. ಉಮಾಶ್ರೀ ಧ್ವನಿಯನ್ನು ತಗ್ಗಿಸಿದರು, ಒರಟನ್ನು ಉಳಿಸಿಕೊಂಡರು. ಮಗಳನ್ನು ಗದರುವ ವಾಕ್ಯದ ಕೊನೆಯ ಪದದಲ್ಲಿ ಗಂಟಲು ಕಟ್ಟುವುದು, ದುಡ್ಡು ಎಣಿಸುವಾಗ ಮಾತು ನಿಲ್ಲುವುದು ಇಂಥ ಚಿಕ್ಕ ಸಂಗತಿಗಳಲ್ಲಿಯೇ ಆ ಪಾತ್ರವಿದೆ.

ಕಿರುತೆರೆಯಲ್ಲಿ ನೆಲೆನಿಂತ ಮೇಲೂ ಅವರು ರಂಗವನ್ನು ಬಿಡಲಿಲ್ಲ. ಬೇಲೂರು ರಘುನಂದನ್ ಅವರ ‘ಶರ್ಮಿಷ್ಠೆ’ ಏಕವ್ಯಕ್ತಿ ನಾಟಕವನ್ನು ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಆಡಿದರು. ರಾಜಕುಮಾರಿಯಾಗಿ ಹುಟ್ಟಿ ದಾಸಿಯಾದ ಹೆಣ್ಣಿನ ಕಥೆ ಅದು. 2025ರ ಜನವರಿಯಲ್ಲಿ, 67ನೆಯ ವಯಸ್ಸಿನಲ್ಲಿ, ಹೊನ್ನಾವರದಲ್ಲಿ ಪೆರ್ಡೂರು ಮೇಳದೊಡನೆ ‘ಶ್ರೀರಾಮ ಪಟ್ಟಾಭಿಷೇಕ’ ಪ್ರಸಂಗದ ಮಂಥರೆಯಾಗಿ ಯಕ್ಷಗಾನದ ರಂಗಸ್ಥಳವನ್ನೂ ಏರಿದರು. ಕಿರುತೆರೆಯ ಪುಟ್ಟಕ್ಕನನ್ನು ಕಾಣಲು ಬಂದವರೂ, ಬಡಗುತಿಟ್ಟಿನ ಕ್ರಮ ಎಲ್ಲಿ ತಪ್ಪುವುದೋ ಎಂದು ನೋಡಲು ಬಂದವರೂ ಆ ರಾತ್ರಿ ಒಟ್ಟಿಗೆ ಕುಳಿತಿದ್ದಿರಬೇಕು. ಹಾಡು, ತಾಳ, ಹೆಜ್ಜೆಗಳ ಶಿಸ್ತನ್ನು ಬಾಲ್ಯದಿಂದ ಕಲಿತವರ ನಡುವೆ ಹೊರಗಿನವಳಾಗಿ ನಿಲ್ಲುವ ಕಷ್ಟ ಸಣ್ಣದಲ್ಲ. ಆದರೆ ಪಾತ್ರದ ಆಯ್ಕೆ ಔಚಿತ್ಯಪೂರ್ಣವಾಗಿತ್ತು. ಮೇಳಗಳಲ್ಲಿ ಮಂಥರೆಯ ವೇಷವನ್ನು ಹಾಸ್ಯಗಾರನು ಕಟ್ಟುವ ರೂಢಿಯುಂಟು. ಗೂನುಬೆನ್ನಿನ ಆ ದಾಸಿ ಮೊದಲು ಸಭೆಯನ್ನು ನಗಿಸುತ್ತಾಳೆ. ನಗುತ್ತಿರುವಾಗಲೇ ಕೈಕೆಯ ಕಿವಿಯಲ್ಲಿ ಅಯೋಧ್ಯೆಯನ್ನು ಮುರಿಯುವ ಮಾತನ್ನು ಆಡುತ್ತಾಳೆ. ಗಂಡಸರು ಕಟ್ಟಿ ಬಂದ ಆ ವೇಷವನ್ನು ಅಂದು ಹೊನ್ನಾವರದಲ್ಲಿ ಕಟ್ಟಿದ್ದವರು ನೊಣವಿನಕೆರೆಯ ಹೆಣ್ಣುಮಗಳು.